ಚಲೋ ಕೈ ಬಂದಾಗಲೇ ಹುಷಾರಾಗಿರಿ

"ನನ್ನ ಕೈ ಕೆಟ್ಟಿರಲಿಲ್ಲ ಬಿಡ್ರಿ ಅಣ್ಣಾರ. ಒಂದ ಎಲಿ ಬಂದಿದ್ರ ಆಟ ನಂದ ಇತ್ತು."

ಇಂಗಳೇಶ್ವರದ ಕಟ್ಟೆಯ ಮೇಲೆ ಕೂತು ಒಬ್ಬ ಹುಡುಗ ನನಗೆ ಹೇಳಿದ ಮಾತಿದು. ತೊಗರಿ ಬಿತ್ತಲು ಬೀಜ, ಗೊಬ್ಬರಕ್ಕೆಂದು ಅಪ್ಪ ಅವನ ಖಾತೆಗೆ ಹಾಕಿದ್ದು 18,000 ರೂಪಾಯಿ. ಅದರಲ್ಲಿ 6,000 ಒಂದೇ ಆಟದಲ್ಲಿ ಹೋಯಿತು. ಹೋದದ್ದನ್ನು ವಾಪಸ್ ತರಲು ಹೋಗಿ ಉಳಿದ 12,000 ಮೂರು ದಿನದಲ್ಲಿ ಹೋಯಿತು. ಆಡಿದ್ದು ಮೊಬೈಲಿನಲ್ಲಿ, ಪೋಕರ್. ಕೇಂದ್ರದ ಹೊಸ ಕಾಯ್ದೆ ಬರುವುದಕ್ಕೆ ಮೊದಲಿನ ಕತೆ.

ಊರಿನ ಹಿರಿಯರು ಅವನಿಗೆ ಬೈದರು. ದಡ್ಡ ಅಂದರು, ಹುಚ್ಚ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವನು ಆ 6,000 ಹಾಕಿದ ಕೈಯನ್ನು ವಿವರಿಸಿದಾಗ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಅವನು ಸುಳ್ಳು ಹೇಳಿರಲಿಲ್ಲ. ಅವನ ಕೈ ನಿಜಕ್ಕೂ ಚಲೋ ಇತ್ತು.

ಇಸ್ಪೀಟು ಕೆಟ್ಟದ್ದು, ಆಡಬೇಡಿ ಎಂದು ಹೇಳುವ ಲೇಖನಗಳು ಬಹಳ ಬಂದಿವೆ. ಆಡುವವರು ಯಾರೂ ಅವನ್ನು ಓದುವುದಿಲ್ಲ. ನಾನು ಹೇಳಬೇಕಾಗಿರುವುದು ಬೇರೆ. ಮನೆ ಮುಳುಗಿಸುವುದು ಕೆಟ್ಟ ಕೈಯಲ್ಲ. ಕೆಟ್ಟ ಕೈ ಬಂದರೆ ಯಾರಾದರೂ ಎಲೆ ಎಸೆದು ಸುಮ್ಮನಾಗುತ್ತಾರೆ. ಮುಳುಗಿಸುವುದು "ಇನ್ನೊಂದೇ ಎಲೆ ಬಾಕಿ" ಎನ್ನುವ ಚಲೋ ಕೈ.

ಅವನ ಕೈಯಲ್ಲಿ ಏನಿತ್ತು?

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಈ ಏಳರಲ್ಲಿ ಯಾರಿಗೆ ಉತ್ತಮ ಐದು ಎಲೆ ಕೂಡುತ್ತದೋ ಅವನು ಗೆದ್ದ. ಒಂದು ಜೋಡಿಗಿಂತ ಸಾಲಾಗಿ ಬಂದ ಐದು ಎಲೆ ದೊಡ್ಡದು. ಅದಕ್ಕಿಂತ ಒಂದೇ ಬಣ್ಣದ, ಅಂದರೆ ಐದೂ ಆಟೀನು ಅಥವಾ ಐದೂ ಕಳಾವರ್, ಹೀಗೆ ಬಂದರೆ ಇನ್ನೂ ದೊಡ್ಡದು. ಎಲೆ ಬಿಚ್ಚುವ ಪ್ರತಿ ಹಂತದಲ್ಲೂ ರೊಕ್ಕ ಕಟ್ಟಬೇಕು, ಇಲ್ಲವೇ ಆಟ ಬಿಡಬೇಕು. "ನೋ ಲಿಮಿಟ್" ಆಟದಲ್ಲಿ ಇಷ್ಟೇ ಕಟ್ಟಬೇಕೆಂಬ ಮಿತಿ ಇಲ್ಲ. ಮುಂದಿರುವ ಅಷ್ಟೂ ರೊಕ್ಕವನ್ನು ಒಂದೇ ಸಲ ನೂಕಬಹುದು. ಅದಕ್ಕೆ "ಆಲ್ ಇನ್" ಅನ್ನುತ್ತಾರೆ.

ನಮ್ಮ ಹುಡುಗನ ಕೈಯಲ್ಲಿ ಆಟೀನು 8 ಮತ್ತು 9 ಇದ್ದವು. ನಡುವೆ ಬಿಚ್ಚಿದ್ದು ಆಟೀನು 7, ಆಟೀನು 2, ಕಳಾವರ್ 10. ಕೈಯಲ್ಲಿ ಇನ್ನೂ ಏನೂ ಕೂಡಿಲ್ಲ, ಒಂದು ಜೋಡಿ ಕೂಡ ಇಲ್ಲ. ಆದರೆ ಇನ್ನೊಂದು ಆಟೀನು ಬಂದರೆ ಐದು ಆಟೀನು ಆಗುತ್ತದೆ. ಉಳಿದ ಆಟೀನು 9. ಇಲ್ಲವೇ 6 ಅಥವಾ ಗುಲಾಮ ಬಂದರೆ ಸಾಲು ಕೂಡುತ್ತದೆ. ಅವು ಒಟ್ಟು 8, ಅದರಲ್ಲಿ ಎರಡು ಆಟೀನನ್ನು ಆಗಲೇ ಎಣಿಸಿದ್ದೇವೆ, ಹಾಗಾಗಿ ಉಳಿದದ್ದು 6. ಎರಡೂ ಸೇರಿ ಅವನನ್ನು ಗೆಲ್ಲಿಸಬಹುದಾದ ಎಲೆ 15.

ಕಾಣದೆ ಉಳಿದ ಎಲೆ 47. ಬರಬೇಕಾದದ್ದು ಎರಡು. ಎರಡೂ ಸಲ ತಪ್ಪುವ ಸಾಧ್ಯತೆ 32/47 ಗುಣಿಸು 31/46, ಅಂದರೆ 100ಕ್ಕೆ ಸುಮಾರು 46. ಬರುವ ಸಾಧ್ಯತೆ 100ಕ್ಕೆ 54. ಎದುರಿನವನ ಹತ್ತಿರ ಆಗಲೇ ಹತ್ತರ ಜೋಡಿ ಇತ್ತು. ಆದರೂ ಏನೂ ಕೂಡಿರದ ನಮ್ಮ ಹುಡುಗನೇ ಮುಂದಿದ್ದ. ಇದನ್ನೇ ಪೋಕರ್ ಆಡುವವರು ಬಲವಾದ "ಡ್ರಾ" ಎನ್ನುತ್ತಾರೆ.

ರಮ್ಮಿ ಆಡುವ ನಮ್ಮೂರ ಕಾಕಾಗಳಿಗೆ ಇದು ಹೊಸದೇನಲ್ಲ. ಕೈಯಲ್ಲಿ ಒಂದೇ ಬಣ್ಣದ 6, 7 ಇದ್ದರೆ 5 ಬಂದರೂ ಆಯ್ತು, 8 ಬಂದರೂ ಆಯ್ತು. 5, 7 ಇದ್ದರೆ ನಡುವಿನ 6 ಒಂದೇ ಬೇಕು. ಮೊದಲನೆಯದನ್ನು ಹಿಡಿದು ಕೂರು, ಎರಡನೆಯದನ್ನು ಬಿಡು ಎಂದು ಯಾರೂ ಕಲಿಸದೆ ಗೊತ್ತಿರುತ್ತದೆ. ಪೋಕರ್‌ನಲ್ಲಿ ಅದೇ ಬುದ್ಧಿಗೆ ರೊಕ್ಕದ ಲೆಕ್ಕ ಸೇರುತ್ತದೆ, ಅಷ್ಟೇ.

ಬುದ್ಧಿವಂತರ ಲೆಕ್ಕ

ಈ ಆಟವನ್ನು ಕಲಿತವರು ಎರಡು ಸಂಗತಿ ನೋಡುತ್ತಾರೆ.

ಒಂದು, ಬೆಲೆ. ಬೇಕಾದ ಎಲೆಗಳನ್ನು ಎಣಿಸಿ, ಎರಡು ಎಲೆ ಬರುವುದಿದ್ದರೆ 4ರಿಂದ ಗುಣಿಸು, ಒಂದೇ ಬರುವುದಿದ್ದರೆ 2ರಿಂದ ಗುಣಿಸು. ಅದೇ ನೂರಕ್ಕೆ ಎಷ್ಟು ಎಂಬ ಅಂದಾಜು. ಎಲೆ ಹೆಚ್ಚಿದ್ದಾಗ ಇದು ತುಸು ಜಾಸ್ತಿ ತೋರಿಸುತ್ತದೆ. 15 ಎಲೆಗೆ 60 ಅನ್ನುತ್ತದೆ, ನಿಜ 54. ಬರೀ ಬಣ್ಣ ಕಾಯುತ್ತಿದ್ದರೆ 9 ಎಲೆ, ಎರಡು ಎಲೆ ಬಾಕಿ ಇದ್ದಾಗ ನಿಜವಾದ ಸಾಧ್ಯತೆ 35. ಒಂದೇ ಎಲೆ ಬಾಕಿ ಇದ್ದಾಗ 20ಕ್ಕಿಂತ ತುಸು ಕಡಿಮೆ, ಐದರಲ್ಲಿ ಒಂದು ಸಲ ಕೂಡ ಪೂರ್ತಿ ಇಲ್ಲ. ಹಾಗಾದರೆ 100 ರೂಪಾಯಿ ಕಟ್ಟಿ ಆ ಕೊನೆಯ ಎಲೆ ನೋಡಬೇಕಾದರೆ ನಡುವೆ 400ಕ್ಕಿಂತ ಹೆಚ್ಚು ರೊಕ್ಕ ಬಿದ್ದಿರಬೇಕು. 200 ಮಾತ್ರ ಇದ್ದರೆ ನೀವು ಎಲೆಯನ್ನು ದುಬಾರಿಗೆ ಕೊಂಡಂತೆ.

ಎರಡು, ನೂಕುವುದು. ಬಲವಾದ ಡ್ರಾ ಇದ್ದವನು ಎದುರಿನವನು ಕಟ್ಟಿದ್ದಕ್ಕೆ ಸುಮ್ಮನೆ ಸರಿಗಟ್ಟುವುದಿಲ್ಲ, ತಾನೇ ಮೇಲೆ ಬಿದ್ದು ಕಟ್ಟುತ್ತಾನೆ. ಯಾಕೆಂದರೆ ಅವನಿಗೆ ಗೆಲ್ಲಲು ಎರಡು ದಾರಿ. ಎದುರಿನವನು ಹೆದರಿ ಬಿಟ್ಟರೆ ಎಲೆ ಬಾರದೆಯೂ ಗೆದ್ದ. ಬಿಡದಿದ್ದರೆ ಎಲೆ ಬರಬಹುದು. ಇದು ಅರ್ಧ ಸುಳ್ಳು, ಅರ್ಧ ನಿಜ. ದನದ ಸಂತೆಯಲ್ಲಿ ವ್ಯಾಪಾರ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಎರಡನೆಯ ದಾರಿ ತೆರೆಯುವುದು ಎದುರಿನವನು ಬಿಡುವ ಮನುಷ್ಯನಾಗಿದ್ದರೆ ಮಾತ್ರ. ಕಟ್ಟೆಯ ಮೇಲೆ ಕೂತ ಆಟದಲ್ಲಿ ಎದುರಿನ ಮುಖ ಕಾಣುತ್ತದೆ, ಅವನ ಕಿಸೆಯೂ ಗೊತ್ತಿರುತ್ತದೆ. ಮೊಬೈಲಿನಲ್ಲಿ ಎದುರಿಗಿರುವುದು ಒಂದು ಬೊಂಬೆಯ ಚಿತ್ರ. ಅವನಿಗೆ ನಿಮ್ಮ 6,000 ಅಂದರೆ ಒಂದು ಸಂಜೆಯ ಖರ್ಚು ಇರಬಹುದು. ಗೊಬ್ಬರದ ರೊಕ್ಕ ನೂಕಿದವನ ಎದೆ ಡವಡವ ಅನ್ನುತ್ತಿರುವಾಗ ಅವನು ಚಹಾ ಕುಡಿಯುತ್ತಾ ಸರಿಗಟ್ಟುತ್ತಾನೆ. ನಮ್ಮ ಹುಡುಗನಿಗೆ ಆದದ್ದು ಅದೇ. ನೂಕಿದ, ಎದುರಿನವನು ಬಿಡಲಿಲ್ಲ, ಎರಡು ಎಲೆಯೂ ಬರಲಿಲ್ಲ. 46ರ ಕಡೆಗೆ ಬಿದ್ದ.

54 ಇದ್ದರೂ ಯಾಕೆ ಮುಳುಗುತ್ತಾರೆ?

ಇಲ್ಲಿಯವರೆಗೆ ಓದಿದವರು ಕೇಳಬಹುದು: 54 ನಮ್ಮ ಕಡೆ ಇದ್ದರೆ ದಿನಾ ಆಡಿದರೆ ಲಾಭವೇ ಅಲ್ಲವೇ?

100 ಜನರನ್ನು ಕಣ್ಣ ಮುಂದೆ ತನ್ನಿ. ಪ್ರತಿಯೊಬ್ಬನ ಕೈಯಲ್ಲಿ 1,000 ರೂಪಾಯಿ. ಎಲ್ಲರಿಗೂ ಇಂಥದ್ದೇ ಚಲೋ ಕೈ ಬರುತ್ತದೆ, ಎಲ್ಲರೂ ಇದ್ದದ್ದೆಲ್ಲ ನೂಕುತ್ತಾರೆ. ಮೊದಲ ಸಲಕ್ಕೆ 54 ಜನ ಉಳಿಯುತ್ತಾರೆ, ಅವರ ಕೈಯಲ್ಲಿ 2,000. ಎರಡನೆಯ ಸಲಕ್ಕೆ 29 ಜನ, 4,000. ಮೂರನೆಯ ಸಲಕ್ಕೆ 16 ಜನ, 8,000. ನಾಲ್ಕನೆಯದಕ್ಕೆ ಸುಮಾರು 9 ಜನ, 16,000. ಐದನೆಯದಕ್ಕೆ 5 ಜನವೂ ಪೂರ್ತಿ ಇಲ್ಲ, ಅವರ ಕೈಯಲ್ಲಿ 32,000.

ಸರಾಸರಿ ನೋಡಿದರೆ ಆಟ ಲಾಭದ್ದೇ. ಆದರೆ ಆ ಲಾಭವೆಲ್ಲ ನಾಲ್ಕೈದು ಜನರ ಮನೆಗೆ ಹೋಯಿತು. 95 ಜನರ ಕೈ ಖಾಲಿ. ಐದು ಸಲವೂ ತಮ್ಮ ಕಡೆಗೇ ಲೆಕ್ಕ ಇದ್ದವರು ಇವರು, ಒಬ್ಬರೂ ತಪ್ಪು ಆಡಲಿಲ್ಲ. ತಪ್ಪಾದದ್ದು ಒಂದೇ: ಪ್ರತಿ ಸಲ ಇದ್ದದ್ದೆಲ್ಲ ಹಾಕಿದ್ದು. ಊರಿನಲ್ಲಿ ಕತೆಯಾಗಿ ಓಡಾಡುವುದು ಮಾತ್ರ ಆ 32,000 ಗೆದ್ದವನ ಹೆಸರು. ಖಾಲಿಯಾದವರು ತಾವಾಗಿ ಬಾಯಿ ಬಿಡುವುದಿಲ್ಲ.

ಇನ್ನು ಆಟ ನಡೆಸುವವರ ಪಾಲು. ಇಬ್ಬರೂ 1,000 ಹಾಕಿದರೆ ನಡುವೆ 2,000. ನೂರು ಸಲ ಆಡಿ 54 ಸಲ ಗೆದ್ದರೆ ಬರುವುದು 1,08,000, ಹಾಕಿದ್ದು 1,00,000, ಲಾಭ 8,000. ನಡೆಸುವವರು ನೂರಕ್ಕೆ 5 ಕಡಿದುಕೊಂಡರು ಎಂದಿಟ್ಟುಕೊಳ್ಳಿ. ಲಾಭ 2,600ಕ್ಕೆ ಇಳಿಯಿತು. ನೂರಕ್ಕೆ 10 ಕಡಿದರೆ 2,800 ನಷ್ಟ. ಇಷ್ಟು ಬಲವಾದ ಕೈ ಹಿಡಿದೂ ನಷ್ಟ. ಇದರ ಮೇಲೆ 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ನೂರಕ್ಕೆ 30 ತೆರಿಗೆ ಮುರಿದುಕೊಳ್ಳುವ ನಿಯಮ ಬಂತು, ಅದೇ ವರ್ಷದ ಅಕ್ಟೋಬರ್ 1ರಿಂದ ಹಾಕಿದ ಮೊತ್ತದ ಮೇಲೆ ನೂರಕ್ಕೆ 28 ಜಿಎಸ್‌ಟಿ ಬಂತು. ಸೋತವನ ನಷ್ಟದಲ್ಲಿ ಮಾತ್ರ ಯಾರೂ ಪಾಲು ಕೇಳಲಿಲ್ಲ.

ಕೋರ್ಟಿನ ಪ್ರಶ್ನೆ, ನಮ್ಮ ಪ್ರಶ್ನೆ

ಇಸ್ಪೀಟಿನ ವಿಷಯದಲ್ಲಿ ಕಾನೂನು ಬಹಳ ವರ್ಷದಿಂದ ಕೇಳುತ್ತಿರುವ ಪ್ರಶ್ನೆ ಒಂದೇ: ಇದು ಬುದ್ಧಿಯ ಆಟವೋ, ಅದೃಷ್ಟದ ಆಟವೋ? ರಮ್ಮಿ ಮುಖ್ಯವಾಗಿ ಬುದ್ಧಿಯ ಆಟ ಎಂದು ಸುಪ್ರೀಂ ಕೋರ್ಟ್ 1967ರ ನವೆಂಬರ್‌ನಲ್ಲಿ ಹೇಳಿತು. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲೂ ಬುದ್ಧಿಯ ಆಟಕ್ಕೆ ವಿನಾಯಿತಿ ಇದೆ. ಅಂದರ್ ಬಾಹರ್ ಬರೀ ಅದೃಷ್ಟ, ಹಾಗಾಗಿ ಹಳ್ಳಿಯ ಬಯಲಿನಲ್ಲಿ ಆಡಿದವರ ಮೇಲೆ ಕಲಂ 87ರಡಿ ಕೇಸು ಬೀಳುವ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. 2021ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಅಲ್ಲೂ ಮುಖ್ಯ ಮಾತು ಬುದ್ಧಿಯ ಆಟವನ್ನು ಜೂಜಿನ ಜೊತೆ ಸೇರಿಸಬಾರದು ಎನ್ನುವುದೇ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಬುದ್ಧಿಯದಿರಲಿ, ಅದೃಷ್ಟದ್ದಿರಲಿ, ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಇದನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿಗೆ ಹೋದವು.

ನನ್ನ ಅಭಿಪ್ರಾಯ ಹೇಳುತ್ತೇನೆ. ಪೋಕರ್ ಬುದ್ಧಿಯ ಆಟ ಎಂದು ವಾದಿಸುವವರ ಮಾತು ಸುಳ್ಳಲ್ಲ. ಮೇಲಿನ ಲೆಕ್ಕವೇ ಸಾಕ್ಷಿ. ಆದರೆ ಅದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ಬುದ್ಧಿ ಪೂರ್ತಿ ಖರ್ಚು ಮಾಡಿ, ಸರಿಯಾದ ಹೊತ್ತಿಗೆ, ಸರಿಯಾದ ಕೈ ಹಿಡಿದು ನೂಕಿದರೂ ಸಿಗುವುದು 54. ಉಳಿದ 46 ಯಾರ ಬುದ್ಧಿಗೂ ಸೇರಿದ್ದಲ್ಲ. ಹಾಗಾಗಿ ಬುದ್ಧಿಯೋ ಅದೃಷ್ಟವೋ ಎಂಬುದು ವಕೀಲರ ಪ್ರಶ್ನೆ. ನಮ್ಮ ಮನೆಗಳ ಪ್ರಶ್ನೆ ಬೇರೆ: ಆ 46 ಬಂದ ದಿನ ಎಷ್ಟು ಹೋಗುತ್ತದೆ? ಅದಕ್ಕೆ ಮಿತಿ ಇದೆಯೋ ಇಲ್ಲವೋ?

ವಿಚಿತ್ರವೆಂದರೆ "ನೋ ಲಿಮಿಟ್" ಎಂದು ಹೆಸರಿದ್ದರೂ ಮೇಜಿನ ಮೇಲಿನ ಪೋಕರ್‌ಗೆ ಒಂದು ಗಟ್ಟಿ ಮಿತಿ ಇದೆ. ಆಟದ ನಡುವೆ ಕಿಸೆಗೆ ಕೈ ಹಾಕುವಂತಿಲ್ಲ. ಮುಂದೆ ಎಷ್ಟು ಇಟ್ಟುಕೊಂಡು ಕೂತಿದ್ದೀರೋ ಆ ಕೈಯಲ್ಲಿ ಅಷ್ಟೇ ಹೋಗುವುದು. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಪ್ರತಿ ವರ್ಷ ನಡೆಯುವ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯಕ್ಕೆ ಪ್ರವೇಶ ಶುಲ್ಕ 10,000 ಡಾಲರ್. ದೊಡ್ಡ ಮೊತ್ತ ಹೌದು, ಆದರೆ ಸೋತವನು ಕಳೆದುಕೊಳ್ಳುವುದು ಆ ಶುಲ್ಕ ಮಾತ್ರ. ಇದನ್ನೇ ಕಸುಬು ಮಾಡಿಕೊಂಡವರು ಆಟದ ರೊಕ್ಕವನ್ನು ಮನೆಯ ರೊಕ್ಕದಿಂದ ಬೇರೆ ಇಟ್ಟು, ಒಂದು ಮೇಜಿಗೆ ಅದರ ಸಣ್ಣ ಪಾಲು ಮಾತ್ರ ಒಯ್ಯುತ್ತಾರೆ.

ಮೊಬೈಲ್ ಈ ಮಿತಿಯನ್ನೇ ತೆಗೆದು ಹಾಕಿತು. ಒಂದು ಕೈ ಮುಗಿದ ಹತ್ತು ಸೆಕೆಂಡಿನಲ್ಲಿ "ಇನ್ನಷ್ಟು ಹಣ ಸೇರಿಸಿ" ಎಂಬ ಗುಂಡಿ. ಒತ್ತಿದರೆ ಯುಪಿಐ, ಯುಪಿಐ ಹಿಂದೆ ಬ್ಯಾಂಕ್ ಖಾತೆ, ಖಾತೆಯಲ್ಲಿ ಬೀಜದ ರೊಕ್ಕ, ತಂಗಿಯ ಫೀಸು, ಸಂಘದ ಕಂತು. ಅದೂ ಖಾಲಿಯಾದರೆ ಸಾಲ ಕೊಡುವ ಆಪ್. ಧರ್ಮರಾಯ ಕೂತ ಪಗಡೆಯ ಹಾಸಿಗೂ ಇಂಥ ಮಿತಿ ಇರಲಿಲ್ಲ. ರೊಕ್ಕ ಮುಗಿದಾಗ ರಾಜ್ಯ, ರಾಜ್ಯ ಮುಗಿದಾಗ ತಮ್ಮಂದಿರು, ಕೊನೆಗೆ ದ್ರೌಪದಿ. ಶಕುನಿಯ ಮೋಸವನ್ನು ನಾವೆಲ್ಲ ನೆನಪಿಟ್ಟಿದ್ದೇವೆ. ಎದ್ದು ಹೋಗಲು ಗೆರೆಯೇ ಇಲ್ಲದ ಆಟಕ್ಕೆ ಧರ್ಮರಾಯ ಕೂತದ್ದನ್ನು ಮರೆತಿದ್ದೇವೆ.

ಅದಕ್ಕೇ 2025ರ ಕಾಯ್ದೆ ಬಂದದ್ದು ನನಗೆ ಸಮಾಧಾನ ತಂದಿತು. ಆದರೆ ಕಾಯ್ದೆ ಬಂತೆಂದು ಆಟ ಹೋಗಲಿಲ್ಲ. ದೊಡ್ಡ ಕಂಪನಿಗಳು ರೊಕ್ಕದ ಆಟ ನಿಲ್ಲಿಸಿದರೂ, ಹೊರದೇಶದಿಂದ ನಡೆಯುವ ಆಪ್‌ಗಳ ಲಿಂಕು ವಾಟ್ಸ್‌ಆಪ್, ಟೆಲಿಗ್ರಾಮ್ ಗುಂಪುಗಳಲ್ಲಿ ಓಡಾಡುತ್ತವೆ. ಅಲ್ಲಿ ಎಲೆ ಸರಿಯಾಗಿ ಕಲಸಿದ್ದಾರೋ ಇಲ್ಲವೋ ನೋಡುವವರಿಲ್ಲ. ಗೆದ್ದರೂ ರೊಕ್ಕ ಕೊಡುತ್ತಾರೆಂಬ ಭರವಸೆ ಇಲ್ಲ. ಅಲ್ಲಿ ನಿಮ್ಮ 54ರ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ.

ಅಕ್ಕಡಿ ಬಿತ್ತಿದವರಿಗೆ ಗೊತ್ತು

ಇಂಗಳೇಶ್ವರ ಬಸವಣ್ಣನವರ ಜನ್ಮಸ್ಥಳವೆಂದು ಹೆಸರಾದ ಊರು. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಟ್ಟ ಮಂಟಪ ಇಲ್ಲಿದೆ. ಕಾಯಕ ಬಿಟ್ಟು ಇಸ್ಪೀಟು ಹಿಡಿದಿರಿ ಎಂದು ಬೋಧನೆ ಮಾಡಲು ಆ ಹೆಸರು ತೆಗೆಯುವುದು ಸುಲಭ. ಆದರೆ ಈ ಭಾಗದ ಕಾಯಕವೇ ಒಂದು ದೊಡ್ಡ "ಡ್ರಾ" ಅಲ್ಲವೇ? ಮೋಡ ನೋಡಿ ಬಿತ್ತುತ್ತೇವೆ. ಕೈಯಲ್ಲಿ ಇನ್ನೂ ಏನೂ ಇಲ್ಲ, ಎರಡು ಮಳೆ ಬಾಕಿ. ಬಂದರೆ ತೊಗರಿ, ಬರದಿದ್ದರೆ ಸಾಲ. ಬೋರು ಕೊರೆಸುವವನೂ ಹಾಗೇ, "ಇನ್ನ ಐವತ್ತ ಅಡಿ ಹೋದ್ರ ನೀರ ಬೀಳ್ತದ" ಅನ್ನುತ್ತಲೇ ಹೋಗುತ್ತಾನೆ. ಒಂದೆಲೆಗೆ ಕಾಯುವ ಚಟ ನಮಗೆ ಮೊಬೈಲ್ ಕಲಿಸಿದ್ದಲ್ಲ.

ಆದರೆ ನಮ್ಮ ಅಜ್ಜಂದಿರು ಆ ಆಟದಲ್ಲಿ ಆಲ್ ಇನ್ ಮಾಡಲಿಲ್ಲ. ತೊಗರಿಯ ನಡುವೆ ಅಕ್ಕಡಿ ಸಾಲು ಬಿತ್ತಿದರು, ಒಂದು ಹೋದರೆ ಇನ್ನೊಂದು ಉಳಿಯಲಿ ಎಂದು. ಹಗೇವಿನಲ್ಲಿ ಜೋಳ ತುಂಬಿಟ್ಟರು. ಬೀಜಕ್ಕೆಂದು ತೆಗೆದಿಟ್ಟ ಕಾಳನ್ನು ಹಸಿದರೂ ಮುಟ್ಟಲಿಲ್ಲ. ಮಳೆ ಕೈಕೊಟ್ಟ ವರ್ಷ ನಷ್ಟವಾಗುತ್ತಿತ್ತು, ಮುಂದಿನ ವರ್ಷ ಬಿತ್ತಲು ಬೀಜ ಇರುತ್ತಿತ್ತು. ಪಂಚಮಿಯಲ್ಲಿ ಕೊಬ್ಬರಿ ಬಟ್ಟಲು ಕಟ್ಟಿ ಪಂದ್ಯ ಆಡಿದವರೂ ಇವರೇ. ಸೋತರೆ ಹೋಗುತ್ತಿದ್ದುದು ಕೊಬ್ಬರಿ.

ಇಷ್ಟನ್ನು ಆ ಹುಡುಗನ ಮುಂದೆ ಹಾಳೆಯಲ್ಲಿ ಬರೆದು ತೋರಿಸಿದೆ. 54 ನೋಡಿ ಅವನ ಮುಖ ಅರಳಿತು.

"ಹಂಗಾದ್ರ ನಾ ಆಡಿದ್ದು ಸರಿ ಇತ್ತಲ್ರಿ ಅಣ್ಣಾರ?"

"ಕೈ ಸರಿ ಇತ್ತು ತಮ್ಮಾ. ಹಾಕಿದ ರೊಕ್ಕ ನಿಂದಲ್ಲ, ಹೊಲದ್ದು."

ಅವನು ಸುಮ್ಮನಾದ. ಆ ವರ್ಷ ಅವರ ಅಪ್ಪ ಬಡ್ಡಿಗೆ ತಂದು ಬಿತ್ತಿದರು. ಎಷ್ಟು ಬಡ್ಡಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಓದುತ್ತಿರುವ ನಿಮಗೆ ಮೂರು ಮಾತು. ಹೊಲದ, ಮನೆಯ ರೊಕ್ಕ ಇರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ, ದಿನದ ಖರ್ಚಿಗೆ ಬೇರೆ ಸಣ್ಣ ಖಾತೆ ಇಡಿ. ಆಪ್‌ನಲ್ಲಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಸೋತು ಮನಸ್ಸು ಕುಸಿದಿದ್ದರೆ, ಮನೆಯಲ್ಲಿ ಹೇಳಲು ಆಗದಿದ್ದರೆ, ಟೆಲಿ ಮಾನಸ್ 14416ಕ್ಕೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಮನೆಯ ಹಿರಿಯರಿಗೂ ಒಂದು ಮಾತು. ಸೋತು ಬಂದ ಹುಡುಗನಿಗೆ "ದಡ್ಡ" ಅನ್ನಬೇಡಿ. ತಾನು ದಡ್ಡನಲ್ಲ ಎಂದು ಅವನಿಗೆ ಗೊತ್ತಿರುತ್ತದೆ, ಅದನ್ನು ತೋರಿಸಲೆಂದೇ ಮತ್ತೆ ಆಡುತ್ತಾನೆ. ಎಷ್ಟು ಹೋಯಿತು, ಯಾವ ರೊಕ್ಕ ಹೋಯಿತು, ಇನ್ನೆಷ್ಟು ಸಾಲ ಇದೆ ಎಂದು ಪಕ್ಕದಲ್ಲಿ ಕೂತು ಕೇಳಿ. ಆ ಲೆಕ್ಕ ಒಮ್ಮೆ ಹಾಳೆಯ ಮೇಲೆ ಬಂದರೆ, ಮುಂದಿನ ಎಲೆಗೆ ಕಾಯುವ ಕೈ ತುಸುವಾದರೂ ತಡೆಯುತ್ತದೆ.